ಸುಂಕ, ಸಬ್ಸಿಡಿ ನಿಯಮ ಬದಲಾದಾಗ ರೈತರು ಏನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಬಿತ್ತುವಾಗ ಇದ್ದ ನಿಯಮ ಕೊಯ್ಲಿನ ಹೊತ್ತಿಗೆ ಇರುವುದಿಲ್ಲ. ಮಳೆ ಕೈಕೊಟ್ಟರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಎಲ್ಲೋ ಒಂದು ಕಚೇರಿಯಲ್ಲಿ ಸಹಿ ಬಿದ್ದು ಬೆಲೆ ಕುಸಿದರೆ, ಏಟು ಎಲ್ಲಿಂದ ಬಂತು ಅಂತ ತಿಳಿಯುವುದೇ ಕಷ್ಟ. ಈ ವಿಷಯದಲ್ಲಿ ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುವ ಪ್ರಯತ್ನ ಮಾಡಿದ್ದೇವೆ. ಬೇರೆ ಬೇರೆ ದೇಶಗಳಲ್ಲಿ ನಿಜವಾಗಿ ನಡೆದದ್ದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ.

ನಿಯಮಗಳು ಇಷ್ಟು ಸಲ ಯಾಕೆ ಬದಲಾಗುತ್ತವೆ? ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು?

ಎರಡು ಮಟ್ಟದಲ್ಲಿ ತೀರ್ಮಾನ ಆಗುತ್ತದೆ. ಮೇಲಿನದು ವಿಶ್ವ ವ್ಯಾಪಾರ ಸಂಸ್ಥೆ. 1995ರಲ್ಲಿ ಜಾರಿಗೆ ಬಂದ ಅದರ ಕೃಷಿ ಒಪ್ಪಂದ, ಸಬ್ಸಿಡಿಗಳನ್ನು ಬಣ್ಣದ ಪೆಟ್ಟಿಗೆಗಳಾಗಿ ವಿಂಗಡಿಸಿತು. ಬೆಲೆಯನ್ನೋ ಉತ್ಪಾದನೆಯನ್ನೋ ನೇರವಾಗಿ ಏರಿಸುವ ಸಬ್ಸಿಡಿ ಅಂಬರ್ (ಹಳದಿ-ಕಿತ್ತಳೆ ಬಣ್ಣದ) ಪೆಟ್ಟಿಗೆಗೆ ಸೇರುತ್ತದೆ. ಅದಕ್ಕೆ ಮಿತಿ ಇದೆ. ಸಾಮಾನ್ಯವಾಗಿ ಶ್ರೀಮಂತ ದೇಶಗಳಿಗೆ ಉತ್ಪಾದನೆಯ ಮೌಲ್ಯದ 5%, ಅಭಿವೃದ್ಧಿಶೀಲ ದೇಶಗಳಿಗೆ 10% ವರೆಗೆ ಲೆಕ್ಕದಿಂದ ವಿನಾಯಿತಿ. ಸಂಶೋಧನೆ, ತರಬೇತಿ, ಪರಿಸರ ರಕ್ಷಣೆ, ಬೆಳೆಗೆ ಸಂಬಂಧವಿಲ್ಲದ ನೇರ ಹಣ ಇವೆಲ್ಲ ಹಸಿರು ಪೆಟ್ಟಿಗೆಗೆ. ಅದಕ್ಕೆ ಮಿತಿ ಇಲ್ಲ. ಬಹಳ ದೇಶಗಳು ಬೆಲೆ ಬೆಂಬಲ ಕಡಿಮೆ ಮಾಡಿ ಎಕರೆ ಲೆಕ್ಕದ ಹಣಕ್ಕೋ ಪರಿಸರ ಯೋಜನೆಗೋ ಹೋಗಲು ಇದೂ ಒಂದು ಕಾರಣ.

ಕೆಳಗಿನ ಮಟ್ಟ ಅಂದರೆ ನಿಮ್ಮ ನಿಮ್ಮ ಸರ್ಕಾರ. ರೈತನಿಗೆ ದಿನನಿತ್ಯ ತಟ್ಟುವುದು ಹೆಚ್ಚಾಗಿ ಇದೇ. ಒಪ್ಪಂದದಲ್ಲಿ ಒಂದು ದೇಶ ಹಾಕಬಹುದಾದ ಗರಿಷ್ಠ ಸುಂಕ ಒಂದು, ಇವತ್ತು ನಿಜವಾಗಿ ಹಾಕುತ್ತಿರುವ ಸುಂಕ ಇನ್ನೊಂದು. ಇವೆರಡರ ನಡುವೆ ಎಷ್ಟೋ ಬೆಳೆಗಳಲ್ಲಿ ದೊಡ್ಡ ಅಂತರ ಇರುತ್ತದೆ. ಆ ಅಂತರದೊಳಗೆ ಸರ್ಕಾರ ಯಾರನ್ನೂ ಕೇಳದೆ ಸುಂಕ ಏರಿಸಬಹುದು, ಇಳಿಸಬಹುದು. ಪೇಟೆಯಲ್ಲಿ ದರ ಏರಿ ಜನ ಗೊಣಗಿದರೆ ಆಮದು ಸುಂಕ ಇಳಿಯುತ್ತದೆ, ರಫ್ತಿಗೆ ತಡೆ ಬೀಳುತ್ತದೆ. ಬೊಕ್ಕಸ ಖಾಲಿಯಾದರೆ ಸಬ್ಸಿಡಿಗೆ ಕತ್ತರಿ.

ಎಲ್ಲ ಬದಲಾವಣೆಗೂ ಒಂದೇ ಥರ ತಯಾರಾಗಬೇಕಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ಬದಲಾವಣೆಗಳಲ್ಲಿ ಎರಡು ಜಾತಿ. ಒಂದು, ವರ್ಷಗಳ ಮೊದಲೇ ಹೇಳಿ ಬರುವುದು. ಐರೋಪ್ಯ ಒಕ್ಕೂಟ 1984ರಿಂದ ಹಾಲಿನ ಉತ್ಪಾದನೆಗೆ ಕೋಟಾ, ಅಂದರೆ ಗರಿಷ್ಠ ಮಿತಿ, ಇಟ್ಟಿತ್ತು. ಅದು 2015ರ ಮಾರ್ಚ್ 31ಕ್ಕೆ ಮುಗಿಯಿತು. ಮುಗಿಯುತ್ತದೆ ಅನ್ನುವುದು 2008ರ ಹೊತ್ತಿಗೇ ಖಚಿತವಾಗಿತ್ತು. ಇನ್ನೊಂದು, ರಾತ್ರೋರಾತ್ರಿ ಬರುವುದು. ಭಾರತ 2022ರ ಮೇ 13ರಂದು ಗೋಧಿ ರಫ್ತು ನಿಲ್ಲಿಸಿದ್ದು ಹಾಗೆ. ಅದೇ ವರ್ಷ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆಎಣ್ಣೆ ರಫ್ತು ನಿಲ್ಲಿಸಿದ್ದೂ ಹಾಗೇ.

ಮೊದಲಿನದಕ್ಕೆ ಬೇಕಾದದ್ದು ಯೋಜನೆ: ಸಾಲ ತೀರಿಸುವುದು, ಖರ್ಚು ಇಳಿಸುವುದು, ಬೆಳೆ ನಿಧಾನವಾಗಿ ಬದಲಿಸುವುದು. ಎರಡನೆಯದಕ್ಕೆ ಯೋಜನೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಾಪಾಡುವುದು ಕೈಯಲ್ಲಿರುವ ಸ್ವಲ್ಪ ನಗದು, ಮಾಲು ಇಡಲು ಜಾಗ, ಎರಡನೇ ಖರೀದಿದಾರ. ನಿಧಾನವಾಗಿ ಬರುವುದನ್ನು ಆಮೇಲೆ ನೋಡೋಣ ಅಂತ ಬಿಡುವುದು, ದಿಢೀರ್ ಬಂದದ್ದಕ್ಕೆ ಹೆದರಿ ಇಡೀ ಬೆಳೆ ಪದ್ಧತಿಯನ್ನೇ ಬದಲಿಸಿಬಿಡುವುದು, ಎರಡರಲ್ಲೂ ನಷ್ಟ ರೈತನಿಗೇ.

ಸಬ್ಸಿಡಿ ಇಲ್ಲದೆ ನನ್ನ ಬೇಸಾಯ ನಡೆಯುತ್ತದಾ ಅಂತ ತಿಳಿಯುವುದು ಹೇಗೆ?

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಗೀಚಿ. ಮೊದಲನೆಯದು ಈಗಿನ ಸ್ಥಿತಿ. ಎರಡನೆಯದರಲ್ಲಿ ಸಬ್ಸಿಡಿ ಅರ್ಧ. ಮೂರನೆಯದರಲ್ಲಿ ಸೊನ್ನೆ.

ಒಂದು ಉದಾಹರಣೆ. ವರ್ಷದ ಒಟ್ಟು ಆದಾಯ 100 ಅಂತ ಇಟ್ಟುಕೊಳ್ಳಿ. ಅದರಲ್ಲಿ ಸಬ್ಸಿಡಿ 18. ಬೀಜ, ಗೊಬ್ಬರ, ಕೂಲಿ, ಡೀಸೆಲ್ ಸೇರಿ ಖರ್ಚು 60. ಗೇಣಿ 12. ಸಾಲದ ಕಂತು 14. ಮನೆಗೆ ಉಳಿಯುವುದು 14. ಸಬ್ಸಿಡಿ ಅರ್ಧಕ್ಕೆ ಇಳಿದರೆ ಉಳಿಯುವುದು 5. ಪೂರ್ತಿ ಹೋದರೆ 4ರಷ್ಟು ಕೈಯಿಂದ ಹಾಕಬೇಕು. ಅಂದರೆ ಈ ಮನೆಯಲ್ಲಿ ಉಳಿತಾಯ ಅಂತ ಕಾಣುತ್ತಿದ್ದ ದುಡ್ಡೆಲ್ಲ ಸಬ್ಸಿಡಿಯೇ ಆಗಿತ್ತು. ಇದು ಹೊಲದಲ್ಲಿ ದುಡಿಯುವಾಗ ಕಾಣುವುದಿಲ್ಲ, ಹಾಳೆಯ ಮೇಲೆ ಮಾತ್ರ ಕಾಣುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಇದೇ ಲೆಕ್ಕವನ್ನು ಪ್ರತಿ ಬೆಳೆಗೂ, ಪ್ರತಿ ತುಂಡು ಜಮೀನಿಗೂ ಬೇರೆ ಬೇರೆ ಮಾಡಿ. ಎಷ್ಟೋ ಸಲ ಒಂದು ಬೆಳೆ ತಾನೂ ದುಡಿದು, ನಷ್ಟದಲ್ಲಿರುವ ಇನ್ನೊಂದನ್ನೂ ಸಾಕುತ್ತಿರುತ್ತದೆ. ಮೂಲೆಯ ಜೌಗು ನೆಲಕ್ಕೆ ಸುರಿಯುವ ಗೊಬ್ಬರ ಸಬ್ಸಿಡಿ ಇದ್ದಾಗ ಮಾತ್ರ ಗಿಟ್ಟುತ್ತಿರಬಹುದು. ಅಂಥದ್ದನ್ನು ಮೊದಲು ನಿಲ್ಲಿಸಬೇಕು.

ಈ ಲೆಕ್ಕಕ್ಕೆ ಮನೆಯವರನ್ನೂ ಕೂರಿಸಿಕೊಳ್ಳಿ. ಸ್ವಂತ ದುಡಿಮೆಗೂ ಮನೆಯವರ ದುಡಿಮೆಗೂ ಒಂದು ಕೂಲಿ ಹಾಕಿ. ಅದನ್ನು ಸೊನ್ನೆ ಅಂತ ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಸಬ್ಸಿಡಿ ಪೂರ್ತಿ ನಿಲ್ಲಿಸಿದ ದೇಶ ಇದೆಯಾ? ಅಲ್ಲಿ ರೈತರಿಗೆ ಏನಾಯಿತು?

ನ್ಯೂಜಿಲೆಂಡ್. 1984ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಬೆಲೆ ಬೆಂಬಲ, ಗೊಬ್ಬರ ಸಬ್ಸಿಡಿ, ಕಡಿಮೆ ಬಡ್ಡಿಯ ಸಾಲ ಎಲ್ಲವನ್ನೂ ಕೆಲವೇ ವರ್ಷಗಳಲ್ಲಿ ತೆಗೆದುಹಾಕಿತು. ಕುರಿ, ದನ ಸಾಕುವವರ ಆದಾಯದಲ್ಲಿ ಸುಮಾರು 40% ಸಬ್ಸಿಡಿಯೇ ಆಗಿತ್ತು ಅನ್ನುವ ಲೆಕ್ಕವಿದೆ. ಸುಮಾರು 8,000 ಕುಟುಂಬಗಳು ಬೇಸಾಯ ಬಿಡಬೇಕಾಗುತ್ತದೆ ಅಂತ ಭಯ ಇತ್ತು. ಒತ್ತಾಯಕ್ಕೆ ಬಿಟ್ಟು ಹೋದವರು ಅದರ ಹತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 800.

ಇದನ್ನು ಹೇಳಿ 'ನೋಡಿ, ಸಬ್ಸಿಡಿ ಬೇಕಾಗೇ ಇರಲಿಲ್ಲ' ಅಂತ ವಾದ ಮಾಡುವವರು ಬಹಳ. ಅವರು ಅರ್ಧ ಕಥೆ ಬಿಡುತ್ತಾರೆ. ಜಮೀನಿನ ಬೆಲೆ ಬಿದ್ದು, ಬಡ್ಡಿ ಏರಿ, ಮೊದಲ ಕೆಲವು ವರ್ಷ ಜನ ತುಂಬ ನರಳಿದರು. ಸಾಲ ಕೊಟ್ಟವರು ಒಂದಿಷ್ಟು ಅಸಲನ್ನೇ ಬಿಟ್ಟುಕೊಟ್ಟರು. ಬೇಸಾಯ ಬಿಡುವವರಿಗೆ ಸರ್ಕಾರ ಒಂದು ಮೊತ್ತ ಕೊಟ್ಟಿತು. ಸಾಲ ತಗ್ಗದೆ ಇದ್ದಿದ್ದರೆ ಆ 800 ಎಷ್ಟಾಗುತ್ತಿತ್ತೋ. ಆಮೇಲೆ ಹೈನುಗಾರಿಕೆ ಬೆಳೆದಂತೆ ನದಿ, ಅಂತರ್ಜಲ ಕೆಟ್ಟ ದೂರುಗಳೂ ಬೆಳೆದವು.

ಉಳಿದವರು ಏನು ಮಾಡಿದರು ಅನ್ನುವುದರಲ್ಲಿ ಮಾತ್ರ ಕಲಿಯುವುದು ಬೇಕಾದಷ್ಟಿದೆ. ಮೊದಲು ಗೊಬ್ಬರ, ಹೊಸ ಯಂತ್ರ, ಬೇಲಿ ರಿಪೇರಿ ಖರ್ಚು ಮುಂದೂಡಿದರು. ಮನೆಯಲ್ಲಿ ಒಬ್ಬರು ಹೊರಗೆ ಕೆಲಸಕ್ಕೆ ಹೋದರು. ತಲೆ ಎಣಿಕೆಗೆ ಸಬ್ಸಿಡಿ ಬರುತ್ತಿದ್ದಾಗ ಸಾಕಿದ್ದ ಕುರಿಗಳನ್ನು ಕಡಿಮೆ ಮಾಡಿದರು. 1982ರಲ್ಲಿ ಅಲ್ಲಿ 7 ಕೋಟಿಗೂ ಜಾಸ್ತಿ ಕುರಿಗಳಿದ್ದವು, ಈಗ 2.5 ಕೋಟಿಗಿಂತ ಕಡಿಮೆ. ಆದರೆ ಬದುಕುಳಿಯುವ ಮರಿಗಳ ಪ್ರಮಾಣವೂ ಮರಿಯ ತೂಕವೂ ಏರಿತು. ಸಾಧಾರಣ ಜಮೀನನ್ನು ಜಿಂಕೆ ಸಾಕಣೆಗೆ, ದ್ರಾಕ್ಷಿಗೆ, ಕಾಡಿಗೆ ತಿರುಗಿಸಿದರು.

ಗುತ್ತಿಗೆ ಜಮೀನು ಮಾಡುತ್ತಿದ್ದೇನೆ. ಸಬ್ಸಿಡಿ ಕಡಿತದ ಹೊರೆ ಯಾರ ಮೇಲೆ ಬೀಳುತ್ತದೆ?

ಎಕರೆ ಲೆಕ್ಕದಲ್ಲಿ ಸಬ್ಸಿಡಿ ಬರುವ ಕಡೆ ಅದರ ಒಂದು ಪಾಲು ಗೇಣಿಯೊಳಗೆ ಸೇರಿಕೊಂಡಿರುತ್ತದೆ. ಸಬ್ಸಿಡಿ ಇಳಿದಾಗ ಗೇಣಿ ತಾನಾಗೇ ಇಳಿಯುವುದಿಲ್ಲ, ಕೇಳಿ ಇಳಿಸಿಕೊಳ್ಳಬೇಕು. ಹೊಸ ಕರಾರು ಬರೆಯುವಾಗಲೇ 'ಸರ್ಕಾರದ ಹಣ ಇಷ್ಟು ಇಳಿದರೆ ಗೇಣಿ ಇಷ್ಟು ಇಳಿಯುತ್ತದೆ' ಅಂತ ಒಂದು ಸಾಲು ಸೇರಿಸಿ. ಬಾಯಿಮಾತಿನ ಕರಾರಾದರೆ ಕನಿಷ್ಠ ಮೂರನೆಯವರ ಮುಂದೆ ಮಾತಾಡಿಕೊಳ್ಳಿ.

ರಫ್ತು ದಿಢೀರ್ ನಿಂತರೆ ಮೊದಲ ವಾರ ಏನು ಮಾಡಬೇಕು?

ಆದೇಶವನ್ನು ಪೂರ್ತಿ ಓದಿ, ಅಥವಾ ಓದಿಸಿ ಕೇಳಿ. ಸುದ್ದಿಯ ತಲೆಬರಹ 'ರಫ್ತು ಬಂದ್' ಅಂತ ಹೇಳುತ್ತದೆ. ವಿನಾಯಿತಿಗಳೆಲ್ಲ ಆದೇಶದ ಒಳಗಿರುತ್ತವೆ. 2022ರ ಗೋಧಿ ಆದೇಶದಲ್ಲಿ, ಅಂದಿನ ತಾರೀಖಿನೊಳಗೆ ಬ್ಯಾಂಕ್ ಹಿಂತೆಗೆಯಲಾಗದ ಲೆಟರ್ ಆಫ್ ಕ್ರೆಡಿಟ್ (ಕೊಳ್ಳುವವರ ಪರವಾಗಿ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ) ಕೊಟ್ಟಿದ್ದರೆ ಆ ಮಾಲು ಹೋಗಬಹುದಿತ್ತು. ಬೇರೆ ದೇಶದ ಸರ್ಕಾರ ಆಹಾರ ಭದ್ರತೆಗೆ ಬೇಕು ಅಂತ ಕೇಳಿದರೆ ಕಳಿಸಲೂ ಅವಕಾಶ ಇತ್ತು. ಅಂದರೆ ನಿಮ್ಮ ವರ್ತಕರ ಹತ್ತಿರ ಯಾವ ತಾರೀಖಿನ ಯಾವ ಕಾಗದ ಇದೆ ಅನ್ನುವುದರ ಮೇಲೆ ನಿಮ್ಮ ದರ ನಿಂತಿರುತ್ತದೆ. ಅದನ್ನು ಕೇಳುವ ಹಕ್ಕು ನಿಮಗಿದೆ.

ಆಮೇಲೆ ನಿಮ್ಮ ಮಾಲು ಎಷ್ಟು ದಿನ ತಡೆಯುತ್ತದೆ ನೋಡಿ. ಇಂಡೋನೇಷ್ಯಾದ ನಿಷೇಧ ಇದ್ದದ್ದು ಏಪ್ರಿಲ್ 28ರಿಂದ ಮೇ 23ರವರೆಗೆ, ಒಂದು ತಿಂಗಳೂ ಪೂರ್ತಿ ಇಲ್ಲ. ಆದರೆ ತಾಳೆಹಣ್ಣಿನ ಗೊನೆ ಕೊಯ್ದ ಮೇಲೆ ಒಂದೆರಡು ದಿನದಲ್ಲಿ ಗಿರಣಿ ಸೇರಬೇಕು. ತಡವಾದಷ್ಟೂ ಎಣ್ಣೆಯ ಗುಣ ಕೆಡುತ್ತದೆ. ಎಣ್ಣೆ ತುಂಬುವ ಟ್ಯಾಂಕುಗಳು ಭರ್ತಿಯಾದವು, ಗಿರಣಿಗಳು ಗೊನೆ ಕೊಳ್ಳುವುದನ್ನು ಕಡಿಮೆ ಮಾಡಿದವು, ಕೆಲವು ಕಡೆ ನಿಲ್ಲಿಸಿದವು. ಗೊನೆಯ ದರ ಬಿತ್ತು. ಸಣ್ಣ ಬೆಳೆಗಾರರು ಬೀದಿಗಿಳಿದರು. ಕಾಳು ಬೆಳೆದವನು ಅಷ್ಟು ದಿನ ಕಾಯಬಲ್ಲ, ತಾಳೆ ಬೆಳೆದವನು ಕಾಯಲಾರ.

ಹಾಗಾಗಿ ಕೆಡುವ ಮಾಲಾದರೆ ಆ ವಾರವೇ ಒಳನಾಡಿನ ಖರೀದಿದಾರರಿಗೆ, ಸಂಸ್ಕರಣೆ ಮಾಡುವವರಿಗೆ ಕೊಡಿ. ನಷ್ಟವಾದರೂ ಒಂದು ಪಾಲು ದುಡ್ಡಾಗಲಿ. ತಡೆಯುವ ಮಾಲಾದರೆ ಕೈಯಲ್ಲಿ ಕಾಸಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಮಾರಿ, ಉಳಿದದ್ದನ್ನು ಗೋದಾಮಿನಲ್ಲಿಟ್ಟು ಅದರ ರಸೀದಿ ಮೇಲೆ ಸಾಲ ಸಿಗುತ್ತದಾ ಕೇಳಿ. ಹೆದರಿಕೆಯ ಮೊದಲ ವಾರದಲ್ಲಿ ಪೂರ್ತಿ ಮಾರಿದವರ ಮಾಲನ್ನು ಗಟ್ಟಿ ಕೈಗಳು ಅಗ್ಗಕ್ಕೆ ಕೊಂಡಿಟ್ಟುಕೊಳ್ಳುತ್ತವೆ. ಇದು ನೋಡಿದರೆ ಸಂಕಟವಾಗುತ್ತದೆ, ಆದರೆ ಪ್ರತಿ ಸಲವೂ ನಡೆಯುತ್ತದೆ.

ನಮ್ಮ ಬೆಳೆ ಹೆಚ್ಚಾಗಿ ಕೊಳ್ಳುತ್ತಿದ್ದ ದೇಶವೇ ದೊಡ್ಡ ಸುಂಕ ಹಾಕಿದರೆ?

ಎರಡು ಪ್ರಕರಣ ಪಕ್ಕಪಕ್ಕ ಇಟ್ಟು ನೋಡಿ. 2018ರ ಜುಲೈನಲ್ಲಿ ಚೀನಾ ಅಮೆರಿಕದ ಸೋಯಾಬೀನ್ ಮೇಲೆ 25% ಹೆಚ್ಚುವರಿ ಸುಂಕ ಹಾಕಿತು. ಅದಕ್ಕೂ ಮೊದಲು ಅಮೆರಿಕದ ಸೋಯಾ ರಫ್ತಿನ ಅರ್ಧಕ್ಕಿಂತ ಹೆಚ್ಚು ಚೀನಾಕ್ಕೇ ಹೋಗುತ್ತಿತ್ತು. ಆ ಜಾಗವನ್ನು ಬ್ರೆಜಿಲ್ ತುಂಬಿತು. ಅಮೆರಿಕ ಸರ್ಕಾರ ರೈತರಿಗೆ 2018ರಲ್ಲಿ 1,200 ಕೋಟಿ ಡಾಲರ್ ವರೆಗೆ, 2019ರಲ್ಲಿ 1,600 ಕೋಟಿ ಡಾಲರ್ ವರೆಗೆ ಪರಿಹಾರ ಘೋಷಿಸಿತು. ಮೊದಲ ವರ್ಷ ಸೋಯಾಬೀನ್‌ಗೆ ಬುಷೆಲ್‌ಗೆ (ಕಾಳು ಅಳೆಯುವ ಅಲ್ಲಿನ ಅಳತೆ) 1.65 ಡಾಲರ್ ಸಿಕ್ಕಿತು, ಮೆಕ್ಕೆಜೋಳಕ್ಕೆ ಬುಷೆಲ್‌ಗೆ ಒಂದೇ ಒಂದು ಸೆಂಟ್. ಪರಿಹಾರ ಬಂದರೂ ಎಲ್ಲರಿಗೂ ಸಮನಾಗಿ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪರಿಹಾರ ಕೊಟ್ಟ ಮಾತ್ರಕ್ಕೆ ಹೋದ ಗಿರಾಕಿ ವಾಪಸ್ ಬರುವುದೂ ಇಲ್ಲ.

ಇನ್ನೊಂದು ಆಸ್ಟ್ರೇಲಿಯಾದ ಬಾರ್ಲಿ. 2020ರ ಮೇ ತಿಂಗಳಲ್ಲಿ ಚೀನಾ ಅದರ ಮೇಲೆ 80.5% ಸುಂಕ ಹಾಕಿತು. ಆ ವ್ಯಾಪಾರವೇ ನಿಂತುಹೋಯಿತು. ಮೇವಿನ ಬಾರ್ಲಿ ಸೌದಿ ಅರೇಬಿಯಾ ಕಡೆ ತಿರುಗಿತು, ಬಿಯರ್ ಮಾಡುವ ಬಾರ್ಲಿಗೆ ಮೆಕ್ಸಿಕೊದಂಥ ಹೊಸ ಜಾಗ ಹುಡುಕಿದರು. ಕೆಲವು ರೈತರು ಮುಂದಿನ ಹಂಗಾಮಿನಲ್ಲಿ ಗೋಧಿ, ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಬಿತ್ತಿದರು. ಸುಂಕ ಹೋದದ್ದು 2023ರ ಆಗಸ್ಟ್‌ನಲ್ಲಿ. ಮೂರು ವರ್ಷ ಅವರನ್ನು ಉಳಿಸಿದ್ದು ಎರಡು ವಿಷಯ. ಬಾರ್ಲಿ ಹಲವು ದೇಶಗಳಿಗೆ ಬೇಕಾದ ಧಾನ್ಯ. ಮತ್ತೆ, ಅದೇ ಹೊಲ, ಅದೇ ಯಂತ್ರದಲ್ಲಿ ಬೇರೆ ಬೆಳೆ ತೆಗೆಯಬಹುದಿತ್ತು.

ನಿಮ್ಮ ಬೆಳೆಗೂ ಈ ಎರಡು ಪ್ರಶ್ನೆ ಹಾಕಿ: ಬೇರೆ ಯಾರು ಕೊಳ್ಳುತ್ತಾರೆ? ಇದೇ ಸಾಮಾನಿನಲ್ಲಿ ಬೇರೆ ಏನು ಬೆಳೆಯಬಹುದು? ಎರಡಕ್ಕೂ ಉತ್ತರ 'ಇಲ್ಲ' ಅಂತ ಬಂದರೆ ನಿಮ್ಮ ಅಪಾಯ ಜಾಸ್ತಿ, ಅಷ್ಟರ ಮಟ್ಟಿಗೆ ಸಾಲ ಕಡಿಮೆ ಇರಬೇಕು.

ಹಾಗಾದರೆ ಬೆಳೆ ಬದಲಿಸಿಬಿಡೋದೇ ಒಳ್ಳೆಯದಾ?

ಪೂರ್ತಿ ಬದಲಿಸಬೇಡಿ. ಸ್ವಲ್ಪ ಜಾಗದಲ್ಲಿ ಶುರು ಮಾಡಿ, ಎರಡು ಮೂರು ಹಂಗಾಮು ನೋಡಿ. ಸರ್ಕಾರ ಇವತ್ತು ಒಂದು ಬೆಳೆಗೆ ಪ್ರೋತ್ಸಾಹ ಕೊಡುತ್ತಿದೆ ಅಂದರೆ ಸಾವಿರಾರು ಜನ ಅದನ್ನೇ ಬಿತ್ತುತ್ತಾರೆ ಅಂತಲೂ ಅರ್ಥ. ಫಸಲು ಬರುವ ಹೊತ್ತಿಗೆ ದರ ಬಿದ್ದಿರುತ್ತದೆ. ಹಣ್ಣಿನ ಗಿಡದಂಥ ಬಹುವಾರ್ಷಿಕ ಬೆಳೆಗೆ ಇನ್ನೂ ಹುಷಾರಾಗಿರಬೇಕು. ಗಿಡ ಫಲ ಕೊಡಲು ಐದಾರು ವರ್ಷ ಬೇಕಾದರೆ ಅಷ್ಟರಲ್ಲಿ ನಿಯಮ ಎರಡು ಸಲ ಬದಲಾಗಬಹುದು.

ಹೊಸ ನಿಯಮ ಬರಲು ಹತ್ತಾರು ವರ್ಷ ಗಡುವು ಇದೆ ಅಂತಾರೆ. ಅಲ್ಲಿವರೆಗೆ ನಿಶ್ಚಿಂತೆನಾ?

ಗಡುವನ್ನು ನಂಬಿ, ಆದರೆ ಅದರ ಮೇಲೇ ಮಲಗಬೇಡಿ. 1994ರಲ್ಲಿ ಅಮೆರಿಕ, ಕೆನಡಾ ಜತೆ ಮುಕ್ತ ವ್ಯಾಪಾರಕ್ಕೆ ಹೋದ ಮೆಕ್ಸಿಕೊ, ತನ್ನ ಮೆಕ್ಕೆಜೋಳದ ರೈತರನ್ನು ಕಾಪಾಡಲು 2008ರವರೆಗೆ ಸಮಯ ಇಟ್ಟುಕೊಂಡಿತ್ತು. ಒಂದು ಪ್ರಮಾಣದವರೆಗೆ ಸುಂಕ ಇಲ್ಲ, ಅದಕ್ಕಿಂತ ಹೆಚ್ಚು ಬಂದರೆ ಭಾರಿ ಸುಂಕ. ಆದರೆ ಮಿತಿ ಮೀರಿ ಮೆಕ್ಕೆಜೋಳ ಬಂದಾಗಲೂ ಸರ್ಕಾರ ಆ ಸುಂಕ ವಸೂಲಿ ಮಾಡಲಿಲ್ಲ. ಕಾಗದದ ಮೇಲೆ ರಕ್ಷಣೆ ಹಾಗೇ ಇತ್ತು, ಪೇಟೆಯಲ್ಲಿ ಇರಲಿಲ್ಲ.

ಇಂಗ್ಲೆಂಡ್‌ನದು ಇನ್ನೊಂದು ರೀತಿ. ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಎಕರೆ ಲೆಕ್ಕದ ಹಣವನ್ನು 2021ರಿಂದ ಹಂತಹಂತವಾಗಿ ಇಳಿಸಿ 2027ಕ್ಕೆ ಮುಗಿಸುವ ಯೋಜನೆ. ಮುಂಚೆಯೇ ಹೇಳಿದ್ದರು, ನಿಜ. ಆದರೆ 2025ರಲ್ಲಿ ಕಡಿತ ರೈತರು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು: ಮೊದಲ 30,000 ಪೌಂಡ್ ಮೇಲೆ 76%, ಅದಕ್ಕಿಂತ ಮೇಲಿನದಕ್ಕೆ ಪೂರ್ತಿ ಕತ್ತರಿ. ಹಳೆಯದರ ಬದಲಿಗೆ ಬಂದ ಪರಿಸರ ಯೋಜನೆಯೊಂದು 2025ರ ಮಾರ್ಚ್ 11ರಂದು ಹಣ ಮುಗಿಯಿತು ಅಂತ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ಮುಂದಿನ ತಿಂಗಳು ಹಾಕೋಣ ಅಂತಿದ್ದವರು ಹೊರಗೆ ಉಳಿದರು. ಮೊದಲೇ ಸೇರಿದ್ದವರ ಕರಾರು ಮುಂದುವರಿಯಿತು.

ಹೊಸ ಯೋಜನೆ ನಿಮಗೆ ಹೊಂದುತ್ತದೆ ಅನಿಸಿದರೆ ಬೇಗ ಅರ್ಜಿ ಹಾಕಿ. ಆದರೆ ಆ ಹಣ ಬರುತ್ತದೆ ಅಂತ ಮೊದಲೇ ಸಾಲ ಮಾಡಬೇಡಿ.

ನಿಯಮ ಸಡಿಲವಾಗುತ್ತಿದೆ, ಮಾರುಕಟ್ಟೆ ತೆರೆಯುತ್ತಿದೆ. ಸಾಲ ಮಾಡಿ ಬೇಸಾಯ ದೊಡ್ಡದು ಮಾಡಲಾ?

ಯುರೋಪಿನ ಹಾಲಿನ ಕೋಟಾ ಹೋಗುವ ಹೊತ್ತಿಗೆ ಬಹಳ ಜನ ಹಸು ಕೊಂಡರು, ಕೊಟ್ಟಿಗೆ ಕಟ್ಟಿದರು. ಅಷ್ಟರಲ್ಲಿ 2014ರ ಆಗಸ್ಟ್‌ನಲ್ಲಿ ರಷ್ಯಾ ಯುರೋಪಿನ ಡೈರಿ ಪದಾರ್ಥಗಳಿಗೆ ಬಾಗಿಲು ಹಾಕಿತು. ಚೀನಾದ ಖರೀದಿಯೂ ಇಳಿಯಿತು. 2014ರ ಆರಂಭದಲ್ಲಿ ಕಿಲೋಗೆ ಸುಮಾರು 40 ಯುರೋ ಸೆಂಟ್ ಇದ್ದ ಹಾಲಿನ ದರ 2016ರ ಮಧ್ಯದಲ್ಲಿ 26ರ ಹತ್ತಿರ ಬಂತು. ಕೊನೆಗೆ ಹಾಲು ಕಡಿಮೆ ಕೊಡಿ ಅಂತ ಐರೋಪ್ಯ ಒಕ್ಕೂಟವೇ ರೈತರಿಗೆ ಕಿಲೋಗೆ 14 ಸೆಂಟ್ ಕೊಟ್ಟಿತು!

ವಿಸ್ತರಿಸಬೇಡಿ ಅಂತ ಹೇಳುತ್ತಿಲ್ಲ. ಐರ್ಲೆಂಡಿನ ಎಷ್ಟೋ ಹೈನುಗಾರರು ಅದೇ ಅವಕಾಶದಲ್ಲಿ ಬೆಳೆದರು. ಹುಲ್ಲು ಮೇಯಿಸಿ ಕಡಿಮೆ ಖರ್ಚಿನಲ್ಲಿ ಹಾಲು ತೆಗೆಯುವುದು ಅವರ ಬಲ. ಸಾಲ ತೆಗೆಯುವ ಮೊದಲು ದರ ಮೂರನೇ ಒಂದು ಪಾಲು ಬಿದ್ದರೂ ಕಂತು ಕಟ್ಟಲಾಗುತ್ತದಾ ಅಂತ ನೋಡಿ. ಆಗುವುದಿಲ್ಲ ಅಂದರೆ ಆ ಸಾಲ ದೊಡ್ಡದಾಯಿತು.

ಗೊಬ್ಬರ, ಬೀಜದ ಆಮದು ನಿಯಮ ಬದಲಾದರೆ?

ಬೆಳೆಯ ಸುಂಕದಷ್ಟೇ ಇದೂ ಮುಖ್ಯ. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿ ನವೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲೇ ಭತ್ತ, ಚಹಾ ಇಳುವರಿಗೆ ಏಟು ಬಿದ್ದಿತ್ತು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಹಾಕುವುದು, ದ್ವಿದಳ ಬೆಳೆಯನ್ನು ಸರದಿಯಲ್ಲಿ ತರುವುದು, ಕೊಟ್ಟಿಗೆ ಗೊಬ್ಬರ ಕೂಡಿಡುವುದು, ಇವನ್ನು ಒಳ್ಳೆಯ ದಿನಗಳಲ್ಲೇ ಅಭ್ಯಾಸ ಮಾಡಿಕೊಂಡವರಿಗೆ ಕೆಟ್ಟ ದಿನ ಸ್ವಲ್ಪ ಹಗುರ. ಒಂದೇ ಹಂಗಾಮಿನಲ್ಲಿ ಇದು ಆಗುವ ಕೆಲಸ ಅಲ್ಲ.

ಸುಂಕ ಇಲ್ಲ, ಆದರೂ ನಮ್ಮ ಮಾಲು ವಾಪಸ್ ಬಂತು. ಯಾಕೆ?

ಹೆಚ್ಚಾಗಿ ಔಷಧದ ಶೇಷ. ಒಂದು ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ಹೇಳಿಲ್ಲದಿದ್ದರೆ ಐರೋಪ್ಯ ಒಕ್ಕೂಟ ಕಿಲೋಗೆ 0.01 ಮಿಲಿಗ್ರಾಂ ಮಿತಿ ಹಾಕುತ್ತದೆ. ನಿಮ್ಮಲ್ಲಿ ಹೊಡೆಯಲು ಅನುಮತಿ ಇರುವ ಔಷಧವೇ ಅಲ್ಲಿ ಈ ಮಿತಿ ಮೀರಬಹುದು. ಹಾಗಾಗಿ ಔಷಧ ಕೊಳ್ಳುವ ಮೊದಲು ಮಾಲು ಎಲ್ಲಿಗೆ ಹೋಗುತ್ತದೆ ಅಂತ ಖರೀದಿದಾರರನ್ನು ಕೇಳಿ. ಯಾವ ದಿನ, ಯಾವ ಹೊಲಕ್ಕೆ, ಯಾವ ಔಷಧ, ಎಷ್ಟು ಹೊಡೆದಿರಿ, ಕೊಯ್ಲಿಗೆ ಎಷ್ಟು ದಿನ ಮೊದಲು ಹೊಡೆದಿರಿ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇಂಥ ನಿಯಮಗಳ ಒಂದು ಒಳ್ಳೆಯ ಗುಣ ಅಂದರೆ ಸಾಮಾನ್ಯವಾಗಿ ಮುಂಚೆ ಹೇಳಿ ಬರುತ್ತವೆ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಕರಡನ್ನು ತಿಳಿಸಬೇಕು, ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡಬೇಕು. 'ಇಪಿಂಗ್' ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಬೆಳೆ, ಮಾರುವ ದೇಶ ಆಯ್ದುಕೊಂಡರೆ ಹೊಸ ಕರಡುಗಳು ಇಮೇಲ್‌ಗೆ ಬರುತ್ತವೆ. ಪ್ರತಿ ರೈತ ಇದನ್ನು ನೋಡುತ್ತ ಕೂರಬೇಕಿಲ್ಲ. ಗುಂಪಿನಲ್ಲಿ ಒಬ್ಬ ಯುವಕನಿಗೋ ಯುವತಿಗೋ ಈ ಕೆಲಸ ವಹಿಸಿದರೆ ಸಾಕು.

ಒಬ್ಬ ಸಣ್ಣ ರೈತನ ಮಾತನ್ನು ಯಾರು ಕೇಳುತ್ತಾರೆ?

ಒಬ್ಬರದ್ದನ್ನು ಕೇಳುವುದಿಲ್ಲ. ಅಮೆರಿಕದ ಹತ್ತಿ ಸಬ್ಸಿಡಿಯಿಂದ ನಮಗೆ ನಷ್ಟ ಅಂತ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ಬೆನ್ನ ಹಿಂದೆ ಸಂಘಟಿತ ಹತ್ತಿ ಬೆಳೆಗಾರರಿದ್ದರು. ಬ್ರೆಜಿಲ್ ಗೆದ್ದಿತು. 2014ರಲ್ಲಿ 30 ಕೋಟಿ ಡಾಲರ್ ಪಾವತಿಯೊಂದಿಗೆ ವ್ಯಾಜ್ಯ ಮುಗಿಯಿತು. ಹನ್ನೆರಡು ವರ್ಷ ಹಿಡಿಯಿತು, ಅದೂ ನಿಜ.

ದೊಡ್ಡ ವ್ಯಾಜ್ಯ ಬೇಡ, ಸಣ್ಣ ಬೇಡಿಕೆಗಳಿಗೂ ಗುಂಪು ಬೇಕು. ಬಿತ್ತನೆ ಮುಗಿದ ಮೇಲೆ ಆ ಹಂಗಾಮಿನ ನಿಯಮ ಬದಲಿಸಬೇಡಿ ಅಂತ ಕೇಳಿ. ನಿಷೇಧ ಹಾಕಿದರೆ ಅದು ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಆದೇಶದಲ್ಲೇ ಬರೆಯಿರಿ ಅಂತ ಕೇಳಿ. ಸಬ್ಸಿಡಿ ನಿಲ್ಲಿಸುವುದಾದರೆ ಸಾಲ ಮರುಹೊಂದಾಣಿಕೆಯೂ ಜತೆಗೇ ಬರಲಿ ಅಂತ ಕೇಳಿ. ಪೇಟೆಯ ಜನಕ್ಕೆ ಆಹಾರ ಅಗ್ಗವಾಗಿ ಸಿಗಬೇಕು ಅನ್ನುವುದು ನ್ಯಾಯವೇ. ಆ ಹೊರೆಯನ್ನು ಬೆಳೆದವನೊಬ್ಬನ ಮೇಲೇ ಹೊರಿಸುವುದು ನ್ಯಾಯ ಅಲ್ಲ. ಇದನ್ನು ಜೋರಾಗಿ, ಲೆಕ್ಕಪತ್ರ ಹಿಡಿದು ಹೇಳಬೇಕು. ಮೇಲೆ ಹೇಳಿದ ಮೂರು ಕಾಲಂ ಹಾಳೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಐವತ್ತು ಮನೆಯ ಹಾಳೆ ಸೇರಿದರೆ ಅದನ್ನು ಅಧಿಕಾರಿಗಳು ಪಕ್ಕಕ್ಕಿಡುವುದು ಸುಲಭವಲ್ಲ.

ವಿಮೆ, ಮುಂಗಡ ಮಾರಾಟ ಇವುಗಳಿಂದ ಪ್ರಯೋಜನ ಇದೆಯಾ?

ಬೆಳೆ ವಿಮೆ ಸಾಮಾನ್ಯವಾಗಿ ಹವಾಮಾನ, ಇಳುವರಿ ನಷ್ಟಕ್ಕೆ. ಸರ್ಕಾರದ ಆದೇಶದಿಂದ ದರ ಬಿದ್ದರೆ ಹೆಚ್ಚಿನ ವಿಮೆಗಳು ಕೊಡುವುದಿಲ್ಲ, ಪಾಲಿಸಿ ಓದಿ ನೋಡಿ. ಫಸಲಿನ ಒಂದು ಪಾಲನ್ನು ಮೊದಲೇ ನಿಗದಿ ದರಕ್ಕೆ ಒಪ್ಪಿಸುವುದು ಒಳ್ಳೆಯದು. ಪೂರ್ತಿ ಒಪ್ಪಿಸಬೇಡಿ. ಇಳುವರಿ ಕಡಿಮೆ ಬಂದರೆ ಹೊರಗಿಂದ ಕೊಂಡು ತುಂಬಿಕೊಡಬೇಕಾದೀತು.

ಎಲ್ಲ ಲೆಕ್ಕ ಹಾಕಿದೆ. ಗಿಟ್ಟುವುದಿಲ್ಲ ಅಂತಲೇ ಬರುತ್ತಿದೆ. ಏನು ಮಾಡಲಿ?

ಮೊದಲು ಇದನ್ನು ಒಬ್ಬರೇ ಹೊರಬೇಡಿ. ಮನೆಯವರಿಗೆ ಲೆಕ್ಕ ತೋರಿಸಿ. ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ಮಾತಾಡಿ. ತಪ್ಪುವ ಮುಂಚೆ ಹೋದವರಿಗೆ ಸಿಗುವ ದಾರಿಗಳು ತಪ್ಪಿದ ಮೇಲೆ ಹೋದವರಿಗೆ ಸಿಗುವುದಿಲ್ಲ. ಸ್ವಲ್ಪ ಜಮೀನು ಗುತ್ತಿಗೆಗೆ ಕೊಟ್ಟು ಉಳಿದದ್ದನ್ನು ಚೆನ್ನಾಗಿ ಮಾಡುವುದು, ಮನೆಯಲ್ಲಿ ಒಬ್ಬರು ಹೊರಗಿನ ದುಡಿಮೆಗೆ ಹೋಗುವುದು, ಯಂತ್ರಗಳನ್ನು ಅಕ್ಕಪಕ್ಕದವರ ಜತೆ ಹಂಚಿಕೊಳ್ಳುವುದು, ಇವುಗಳನ್ನು ಮೊದಲು ನೋಡಿ.

ಅಷ್ಟಾಗಿಯೂ ಆಗದಿದ್ದರೆ ಬೇಸಾಯ ಬಿಡುವುದು ಅವಮಾನ ಅಲ್ಲ. ಆಸ್ತಿ ಕೈಯಲ್ಲಿರುವಾಗ, ಯೋಚಿಸಿ ಬಿಡುವುದಕ್ಕೂ ಸಾಲಗಾರರು ಬಂದು ಬಿಡಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ರಾತ್ರಿ ನಿದ್ದೆ ಬರುತ್ತಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಅಂದರೆ ಲೆಕ್ಕದ ಹಾಳೆ ಪಕ್ಕಕ್ಕಿಟ್ಟು ಇವತ್ತೇ ಒಬ್ಬ ಗೆಳೆಯನಿಗೆ, ವೈದ್ಯರಿಗೆ, ಇಲ್ಲವೇ ಸಹಾಯವಾಣಿಗೆ ಫೋನ್ ಮಾಡಿ. ಜಮೀನಿನ ತೀರ್ಮಾನ ಮುಂದಿನ ವಾರ ಮಾಡಿದರೂ ನಡೆಯುತ್ತದೆ.